ಪೋರ್ಟ್ ತೋರಿಸಿದ 21 ಓಮ್

ಕಳೆದ ಬೇಸಿಗೆಯಲ್ಲಿ ಕಲಬುರಗಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ 2.45 ಗಿಗಾಹರ್ಟ್ಸ್‌ನ ಪ್ಯಾಚ್ ಆಂಟೆನಾ (ಬೋರ್ಡಿನ ಮೇಲಿನ ಚಪ್ಪಟೆ ತಾಮ್ರದ ತುಂಡೇ ಆಂಟೆನಾ) ಒಂದನ್ನು ಮಾಡಿದೆವು. ತೊಗರಿ ಹೊಲದಲ್ಲಿ ಇಡುವ ತೇವಾಂಶದ ಸೆನ್ಸಾರಿಗೆ ಅದು ಬೇಕಿತ್ತು. 1.6 ಮಿ.ಮೀ. ದಪ್ಪದ ಎಫ್‌ಆರ್4 ಬೋರ್ಡು, ಅಂದರೆ ಸಾಮಾನ್ಯ ಸರ್ಕ್ಯೂಟ್ ಬೋರ್ಡಿನ ಗಾಜುನಾರಿನ ಹಲಗೆ. ಹಿಂದಿನಿಂದ ಎಸ್‌ಎಂಎ ಎಂಬ ಕೇಬಲ್ ಕನೆಕ್ಟರಿನ ಪಿನ್ನು ತೂರಿಸಿ ಬೆಸುಗೆ. ಎಚ್‌ಎಫ್‌ಎಸ್‌ಎಸ್ ಎಂಬ ಸಿಮ್ಯುಲೇಷನ್ ಸಾಫ್ಟ್‌ವೇರಿನಲ್ಲಿ ಎಸ್11, ಅಂದರೆ ಆಂಟೆನಾದಿಂದ ಹಿಂದಿರುಗುವ ಅಲೆಯ ಪಾಲು, −28 ಡಿಬಿ ಬಂದಿತ್ತು; ಅದು ಕೆಳಗೆ ಇಳಿದಷ್ಟೂ ಒಳ್ಳೆಯದು. ಬೋರ್ಡು ತಯಾರಾಗಿ ಬಂದ ಮೇಲೆ ಅದನ್ನು ಅಳೆಯುವ ಉಪಕರಣ ವಿಎನ್‌ಎಗೆ ಹಚ್ಚಿ ನೋಡಿದರೆ ಬರೀ −8.

“ಸರ, ಫ್ರೀಕ್ವೆನ್ಸಿ ಕರೆಕ್ಟ್ ಅದರಿ, ಆದ್ರ ಡಿಪ್ ಕೆಳಗ ಇಳೀವಲ್ದು” ಅಂದ ವಿದ್ಯಾರ್ಥಿ.

ಎರಡು ದಿನ ಬೆಸುಗೆಯನ್ನೂ ಬೋರ್ಡನ್ನೂ ಅನುಮಾನಿಸಿದೆವು. ಆಮೇಲೆ ಅವನ ಮಾತೇ ದಾರಿ ತೋರಿಸಿತು. ಎಫ್‌ಆರ್4ನ ಡೈಎಲೆಕ್ಟ್ರಿಕ್ ಸ್ಥಿರಾಂಕ ತಪ್ಪಿದ್ದರೆ ಫ್ರೀಕ್ವೆನ್ಸಿ ಸರಿಯಬೇಕಿತ್ತು, ಅದು ಸರಿದಿಲ್ಲ. ಹಾಗಾದರೆ ತಪ್ಪಿರುವುದು ಇಂಪೀಡೆನ್ಸ್, ಅಂದರೆ ಅಲೆಗೆ ಎದುರಾಗುವ ತಡೆ; ಕೇಬಲ್ಲಿನದೂ ಆಂಟೆನಾದ್ದೂ ಹೊಂದದಿದ್ದರೆ ಅಲೆ ಹಿಂದಿರುಗುತ್ತದೆ. −8 ಡಿಬಿ ಅಂದರೆ ಪ್ರತಿಫಲನ ಸುಮಾರು 0.4. 50 ಓಮ್ ಕೇಬಲ್ಲಿನ ತುದಿಯಲ್ಲಿ ಅಷ್ಟು ಪ್ರತಿಫಲನ ಬರಬೇಕಾದರೆ ಅಲ್ಲಿ 117 ಓಮ್ ಇರಬೇಕು, ಇಲ್ಲವೇ 21.

ಮಾಡೆಲ್ ತೆರೆದು ಪೋರ್ಟನ್ನು, ಅಂದರೆ ಅಲೆ ಮಾಡೆಲಿನೊಳಗೆ ಹೊಗುವ ಕೇಬಲ್ಲಿನ ಮುಖವನ್ನು, ಮಾತ್ರ ಸಾಲ್ವ್ ಮಾಡಿಸಿದೆ. ಪೋರ್ಟಿನ ಇಂಪೀಡೆನ್ಸ್ 21.3 ಓಮ್.

ಪಿನ್ನಿನ ಅಳತೆ ಕೊಟ್ಟವನು ನಾನೇ. ಎಸ್‌ಎಂಎ ಪಿನ್ನಿನ ವ್ಯಾಸ 1.27 ಮಿ.ಮೀ.; ಸಾಫ್ಟ್‌ವೇರ್ ಸಿಲಿಂಡರಿಗೆ ಕೇಳುವುದು ತ್ರಿಜ್ಯ. ಹೊರಗಿನ ವಾಹಕಕ್ಕೆ 4.25ರ ಅರ್ಧ 2.125 ಸರಿಯಾಗಿ ಹಾಕಿ, ಪಿನ್ನಿಗೆ 1.27 ಹಾಗೇ ಹಾಕಿದ್ದೆ. ಟೆಫ್ಲಾನಿನ ಸ್ಥಿರಾಂಕ 2.1, 60ನ್ನು ಅದರ ವರ್ಗಮೂಲದಿಂದ ಭಾಗಿಸಿ, ಹೊರ-ಒಳ ತ್ರಿಜ್ಯಗಳ ಅನುಪಾತದ ಸ್ವಾಭಾವಿಕ ಲಾಗರಿದಮ್ಮಿನಿಂದ ಗುಣಿಸಿದರೆ ಕೋಆಕ್ಸಿನ (ನಡುವೆ ಪಿನ್ನು, ಸುತ್ತ ಟೆಫ್ಲಾನು, ಹೊರಗೆ ವಾಹಕ ಇರುವ ಕೇಬಲ್ಲಿನ) ಇಂಪೀಡೆನ್ಸ್ ಸಿಗುತ್ತದೆ. ಅನುಪಾತ 3.35 ಇದ್ದರೆ 50 ಓಮ್, ನನ್ನದು 1.67 ಇತ್ತು.

ಆದರೂ −28 ಹೇಗೆ ಬಂತು? ನಾವು ಬಳಸಿದ ವೇವ್ ಪೋರ್ಟ್ ಎಂಬ ಬಗೆಯ ಪೋರ್ಟ್ ತನ್ನ ಮುಖದಲ್ಲಿ ಕಂಡ ಲೈನಿಗೇ ತಾನು ಹೊಂದಿಕೊಂಡು ಟರ್ಮಿನೇಟ್ ಆಗುತ್ತದೆ. 21 ಓಮ್ ಲೈನು ಕೊಟ್ಟರೆ 21ಕ್ಕೇ ಹೋಲಿಸಿ ಉತ್ತರ ಹೇಳುತ್ತದೆ. ನಾವು ಫೀಡ್ ಬಿಂದುವನ್ನು (ಪಿನ್ನು ಪ್ಯಾಚನ್ನು ಸೇರುವ ಜಾಗ) ಅತ್ತಿತ್ತ ಸರಿಸಿ ಪ್ಯಾಚನ್ನು ಆ 21ಕ್ಕೆ ಒಪ್ಪವಾಗಿ ಹೊಂದಿಸಿದ್ದೆವು. 50ಕ್ಕೆ ರೀನಾರ್ಮಲೈಸ್ ಮಾಡುವ, ಅಂದರೆ ಉತ್ತರವನ್ನು 50ಕ್ಕೆ ಹೋಲಿಸಿ ಹೇಳಿಸುವ, ಗುರುತು ಹಾಕಿದ ಕೂಡಲೇ ಅದೇ ಗ್ರಾಫ್ −8ಕ್ಕೆ ಏರಿ ನಿಂತಿತು. ಸಾಫ್ಟ್‌ವೇರ್ ನಿಜವನ್ನೇ ಹೇಳಿತ್ತು. ಯಾವ ಇಂಪೀಡೆನ್ಸಿಗೆ ಹೋಲಿಸಿದ ಲೆಕ್ಕ ಅದು ಎಂದು ನಾನು ಕೇಳಿರಲಿಲ್ಲ. ಪಿನ್ನು ತಿದ್ದಿ, ಫೀಡನ್ನು ಸುಮಾರು 2 ಮಿ.ಮೀ. ಪ್ಯಾಚಿನ ಅಂಚಿನ ಕಡೆ ಸರಿಸಿದೆವು.

ಅಂದಿನಿಂದ ಕೋಆಕ್ಸ್ ಇರುವ ಯಾವ ಮಾಡೆಲ್ ಆದರೂ ಮೊದಲು ಪೋರ್ಟ್ ಮಾತ್ರ ಸಾಲ್ವ್ ಮಾಡಿಸಿ 50ರ ಆಸುಪಾಸು ಬಂದರಷ್ಟೇ ಮುಂದೆ ಹೋಗುತ್ತೇನೆ. ಅರ್ಧ ನಿಮಿಷದ ಕೆಲಸ. ಏಪ್ರಿಲ್-ಮೇ ಬಿಸಿಲಿನಲ್ಲಿ, ನಡುವೆ ಕರೆಂಟ್ ಹೋಗುವ ಊರಿನಲ್ಲಿ, ನಾಲ್ಕು ತಾಸಿನ ರನ್ ವ್ಯರ್ಥವಾಗುವುದನ್ನು ಇದು ತಪ್ಪಿಸುತ್ತದೆ. ಪೋರ್ಟಿನ ವೃತ್ತ ಹೊರ ವಾಹಕದ ಒಳಗೋಡೆಯವರೆಗೆ ಪೂರ್ತಿ ಹರಡಿದೆಯೇ, ಪಿನ್ನು ಪೋರ್ಟಿನ ಸಮತಲವನ್ನು ಮುಟ್ಟಿದೆಯೇ ಎಂದು ಝೂಮ್ ಮಾಡಿ ನೋಡುತ್ತೇನೆ. ಕಣ್ಣಿಗೆ ಕಾಣದ 0.1 ಮಿ.ಮೀ. ಸಂದು ಉಳಿದರೂ ಅದು ಕೋಆಕ್ಸ್ ಆಗಿ ಉಳಿಯುವುದಿಲ್ಲ. ಪೋರ್ಟ್ ಮಾಡೆಲಿನ ಒಳಗಿದ್ದರೆ ಅದರ ಬೆನ್ನಿಗೆ ಲೋಹದ ಮುಚ್ಚಳ ಬೇಕೇ ಬೇಕು. ಪೋರ್ಟಿನಿಂದ ಬೋರ್ಡಿಗೆ 10 ಮಿ.ಮೀ. ಕೇಬಲ್ ಬಿಡುತ್ತೇನೆ. ಈ ಅಳತೆಯ ಕೋಆಕ್ಸಿನಲ್ಲಿ ಮೇಲಿನ ಮೋಡ್ (ಅಲೆಯ ಬೇರೆ ವಿನ್ಯಾಸ) ಹರಿಯತೊಡಗುವುದು ಸುಮಾರು 24 ಗಿಗಾಹರ್ಟ್ಸ್ ದಾಟಿದ ಮೇಲೆ, 2.45ರಲ್ಲಿ ಕೇಬಲ್ ಬೋರ್ಡನ್ನು ಸೇರುವಲ್ಲಿ ಹುಟ್ಟಿದ ಅಂಥ ಮೋಡ್ ಅಷ್ಟು ದೂರದೊಳಗೆ ಸತ್ತುಹೋಗುತ್ತದೆ.

ವಿದ್ಯಾರ್ಥಿಗಳು ಮನೆಯಲ್ಲಿ ಓಪನ್‌ಇಎಂಎಸ್ ಎಂಬ ಉಚಿತ ಸಿಮ್ಯುಲೇಷನ್ ಸಾಫ್ಟ್‌ವೇರ್ ಬಳಸುತ್ತಾರೆ. ಅಲ್ಲಿ ಕೇಬಲ್ಲಿನ ಕೊನೆ ಬೇರೆ ಥರ. ಅಲೆಯನ್ನು ಹೀರುವ ಪಿಎಂಎಲ್ ಪದರದ ಬಾಗಿಲಲ್ಲೇ ಕೇಬಲ್ ನಿಲ್ಲಿಸಿದರೆ ಅಲೆ ಹಿಂದಿರುಗುತ್ತದೆ. ಪಿನ್ನು, ಟೆಫ್ಲಾನು, ಹೊರ ವಾಹಕ ಮೂರೂ ಪದರದೊಳಗೆ ಹಾದು ಕೊನೆಯವರೆಗೆ ಹೋಗಬೇಕು. ರೆಸಿಸ್ಟರಿನಿಂದ ಮುಗಿಸುವುದಾದರೆ ಒಂದೇ ಕಡೆ 50 ಓಮ್ ಇಡುವುದಿಲ್ಲ, ಪಿನ್ನಿನ ಸುತ್ತ ನಾಲ್ಕು ದಿಕ್ಕಿಗೆ 200ರಂತೆ ನಾಲ್ಕು ಇಡುತ್ತೇನೆ. ಕ್ಷೇತ್ರ ದುಂಡಾಗಿಯೇ ಉಳಿಯುತ್ತದೆ, ಇಂಡಕ್ಟೆನ್ಸೂ ಕಡಿಮೆ. ಮೆಶ್, ಅಂದರೆ ಲೆಕ್ಕಕ್ಕಾಗಿ ಮಾಡೆಲನ್ನು ಕತ್ತರಿಸುವ ಚೌಕಜಾಲ, ಮಾತ್ರ ಸಣ್ಣದಿರಬೇಕು. 0.5 ಮಿ.ಮೀ. ಚೌಕಗಳಲ್ಲಿ 1.27ರ ಪಿನ್ನು ದುಂಡಗೆ ಉಳಿಯುವುದಿಲ್ಲ, ಇಂಪೀಡೆನ್ಸೂ ಅದರ ಜೊತೆ ಕೆಡುತ್ತದೆ.

ಎರಡನೇ ಬೋರ್ಡು −21 ಡಿಬಿ ಕೊಟ್ಟಿತು. ಅಳೆಯುವಾಗ ಹುಡುಗ ಕೇಬಲ್ ಹಿಡಿದುಕೊಂಡ, ಗ್ರಾಫ್ ಅಲುಗಿತು.

“ಕೈ ತೆಗಿ, ಮತ್ತ ಹಿಡಿ” ಅಂದೆ. ಮತ್ತೆ ಅಲುಗಿತು. ಗ್ರೌಂಡ್, ಅಂದರೆ ಬೋರ್ಡಿನ ಹಿಂಬದಿಯ ತಾಮ್ರದ ಹಾಳೆ, ಚಿಕ್ಕದಿದ್ದುದರಿಂದ ಕೇಬಲ್ಲಿನ ಹೊರಮೈ ಮೇಲೂ ಕರೆಂಟ್ ಹರಿಯುತ್ತಿದೆ. ಕೇಬಲನ್ನು ಬೋರ್ಡಿನ ಬುಡದಲ್ಲೇ ಕತ್ತರಿಸಿದ ನಮ್ಮ ಮಾಡೆಲಿನಲ್ಲಿ ಅದು ಕಾಣುವ ಹಾಗೇ ಇರಲಿಲ್ಲ. ಈಗ 10ರ ಬದಲು ಅರ್ಧ ತರಂಗಾಂತರದಷ್ಟು, ಸುಮಾರು 60 ಮಿ.ಮೀ. ಕೇಬಲನ್ನು ಹೊರಕವಚ ಸಮೇತ ಬರೆದು ಓಡಿಸುತ್ತಿದ್ದೇವೆ.