ಕವಳದ ಊರಿನಲ್ಲಿ ಕುಳಿತು ನೀಟ್ ಎಂಡಿಎಸ್‌ಗೆ ಓದಿದ್ದು

ನೀಟ್ ಎಂಡಿಎಸ್, ಅಂದರೆ ದಂತವೈದ್ಯಕೀಯ ಸ್ನಾತಕೋತ್ತರ ಕೋರ್ಸಿನ ಪ್ರವೇಶ ಪರೀಕ್ಷೆ, ಎಂದರೆ ಮೂರು ಗಂಟೆಯಲ್ಲಿ 240 ಪ್ರಶ್ನೆ. ಅಂಗರಚನೆಯಿಂದ ಹಿಡಿದು ಸಮುದಾಯ ದಂತ ಆರೋಗ್ಯದವರೆಗೆ ಬಿಡಿಎಸ್ ಎಂಬ ದಂತವೈದ್ಯ ಪದವಿಯ ಅಷ್ಟೂ ವರ್ಷಗಳ ಓದು ಅದರಲ್ಲಿ ಬರುತ್ತದೆ. ಶಿರಸಿಯ ಕ್ಲಿನಿಕ್ ಒಂದರಲ್ಲಿ ಕೆಲಸ ಮಾಡುತ್ತ ತಯಾರಿ ನಡೆಸಿದ ನನಗೆ ಎಲ್ಲವನ್ನೂ ಮೊದಲಿನಿಂದ ತಿರುವಿ ಹಾಕುವಷ್ಟು ಬಿಡುವಿರಲಿಲ್ಲ. ಅದಕ್ಕೇ ವಿಷಯಗಳನ್ನು ಎರಡು ಪಾಲು ಮಾಡಿದೆ: ಕಾರಣ ಗೊತ್ತಾದರೆ ತಾನಾಗಿ ನೆನಪಿರುವವು ಮತ್ತು ಸುಮ್ಮನೆ ಬಾಯಿಪಾಠ ಮಾಡಬೇಕಾದವು. ಮೊದಲನೆಯ ಪಾಲನ್ನು ರೋಗಿಗಳೇ ಓದಿಸಿದರು.

ಕವಳ, ಅಂದರೆ ಎಲೆಯಡಿಕೆ, ಜಗಿಯುವ ಈ ಅಡಿಕೆ ಸೀಮೆಯಲ್ಲಿ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ (ಬಾಯಿಯ ಒಳಪದರ ನಾರುಗಟ್ಟಿ ಬಿಗಿಯುವ ರೋಗ) ಕಲಿಯಲು ಪುಸ್ತಕಕ್ಕಿಂತ ಮೊದಲು ರೋಗಿಯ ಬಾಯಿ ಸಿಗುತ್ತದೆ. ಖಾರ ತಿಂದರೆ ಉರಿ, ಬಿಳಿಚಿದ ಕೆನ್ನೆಯ ಒಳಪದರ, ಬೆರಳು ಆಡಿಸಿದರೆ ಹಗ್ಗದಂತೆ ತಾಗುವ ಪಟ್ಟಿಗಳು, ದಿನ ಕಳೆದಂತೆ ಕಿರಿದಾಗುವ ಬಾಯಿ. ತೋಟದ ಯಜಮಾನರೊಬ್ಬರು, "ತಂಬಾಕು ಬಿಟ್ಟಾಯಿತು ಡಾಕ್ಟರೇ, ಈಗ ಕವಳಕ್ಕೆ ಬರೀ ಅಡಿಕೆ" ಎಂದು ಹೆಮ್ಮೆಯಿಂದ ಹೇಳಿದ್ದರು. ಪರೀಕ್ಷೆಯಲ್ಲಿ ಕೇಳುವುದೂ ಇದನ್ನೇ: ಈ ರೋಗದ ಮುಖ್ಯ ಕಾರಣ ತಂಬಾಕಲ್ಲ, ಅಡಿಕೆ. ಅದರಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ, ನಾರು ಹೆಣೆಯುವ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಕೆಣಕಿ ಕೊಲಾಜೆನ್ ಎಂಬ ನಾರಿನ ಪ್ರೋಟೀನ್ ಹೆಚ್ಚಿಸುತ್ತದೆ. ಅಡಿಕೆಯ ಒಗರಿನ ಅಂಶವಾದ ಟ್ಯಾನಿನ್‌ಗಳು ಆ ಕೊಲಾಜೆನ್ ಕರಗದಂತೆ ಕಾಯುತ್ತವೆ. ಅಡಿಕೆಯಲ್ಲಿರುವ ತಾಮ್ರ ಲೈಸಿಲ್ ಆಕ್ಸಿಡೇಸ್ ಕಿಣ್ವವನ್ನು ಚುರುಕುಗೊಳಿಸಿ ಎಳೆಗಳನ್ನು ಪರಸ್ಪರ ಬಿಗಿಯುತ್ತದೆ. ಈ ಒಂದು ಸರಪಳಿ ತಿಳಿದಿದ್ದರೆ ಜೀವರಸಾಯನ, ರೋಗಶಾಸ್ತ್ರ, ಓರಲ್ ಮೆಡಿಸಿನ್ ಮೂರರಿಂದಲೂ ಬರುವ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಂದನೇ ಗುಂಪಿನಲ್ಲಿ ಇಟ್ಟಿದೆ. ಶಿರಸಿಯಲ್ಲಿ ಇದನ್ನು ಹೇಳಿದರೆ ಯಾರೂ ಚಹಾ ಕೊಡುವುದಿಲ್ಲ, ಅದು ಬೇರೆ ಮಾತು.

ಅರಿವಳಿಕೆಯ ಲೆಕ್ಕವನ್ನು ಸಿರಿಂಜ್ ತುಂಬುವಾಗ ಮನಸ್ಸಿನಲ್ಲೇ ಮಾಡುತ್ತಿದ್ದೆ. ಶೇಕಡಾ 2ರ ಲಿಗ್ನೋಕೇನ್ (ಮರಗಟ್ಟಿಸುವ ಔಷಧಿ) ಎಂದರೆ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ. ಅದರೊಡನೆ ಬೆರೆಸಿರುವ 1:80,000 ಅಡ್ರಿನಲಿನ್ ಎಂದರೆ ಮಿಲಿಲೀಟರಿಗೆ 0.0125 ಮಿಲಿಗ್ರಾಂ. ಹೃದ್ರೋಗಿಗೆ ಅಡ್ರಿನಲಿನ್ ಮಿತಿ 0.04 ಮಿಲಿಗ್ರಾಂ, ಅಂದರೆ ಈ ದ್ರಾವಣ 3.2 ಮಿಲಿಲೀಟರ್ ಮೀರಬಾರದು. ಸೂತ್ರ ಉರುಹೊಡೆದವರು ದ್ರಾವಣದ ಪ್ರಮಾಣ ಬದಲಾದೊಡನೆ ತಡವರಿಸುತ್ತಾರೆ. ಲೆಕ್ಕ ಮಾಡಿ ರೂಢಿಯಾದವರಿಗೆ ಆ ತೊಂದರೆ ಇಲ್ಲ.

ಸೂಕ್ಷ್ಮಜೀವಿ ಶಾಸ್ತ್ರದ ಫ್ಲಾವಿವೈರಸ್‌ಗಳು (ಮಂಗನ ಕಾಯಿಲೆ, ಡೆಂಗಿ ತರುವ ವೈರಸ್ ಕುಟುಂಬ) ಮಂಗನ ಕಾಯಿಲೆ ಕಾಡುವ ನೆರೆಯ ಸಿದ್ದಾಪುರದ ದೆಸೆಯಿಂದ ನೆನಪಿನಲ್ಲಿ ನಿಂತವು. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು, ಹರಡುವುದು ಉಣುಗು. ಅದೇ ಕುಟುಂಬದ ಡೆಂಗಿಗೆ ಈಡಿಸ್ ಸೊಳ್ಳೆ, ಜಪಾನೀಸ್ ಎನ್ಸೆಫಲೈಟಿಸ್‌ಗೆ ಕ್ಯೂಲೆಕ್ಸ್.

ಇನ್ನು ಕಾರಣ ಕೊಟ್ಟು ನೆನಪಿಡಲಾಗದವು. ಹುಳುಕು ಹಲ್ಲುಗಳನ್ನು ಎಣಿಸುವ ಡಿಎಂಎಫ್ ಸೂಚ್ಯಂಕ ಬಂದದ್ದು 1938, ಫ್ಲೋರೈಡ್‌ನಿಂದ ಹಲ್ಲಿಗಾದ ಕಲೆ ಅಳೆಯುವ, ಡೀನ್ ಪರಿಷ್ಕರಿಸಿದ ಫ್ಲೋರೋಸಿಸ್ ಸೂಚ್ಯಂಕ 1942, ಗ್ರೀನ್ ಮತ್ತು ವರ್ಮಿಲಿಯನ್ ಅವರ ಸರಳೀಕೃತ ಬಾಯಿ ಸ್ವಚ್ಛತೆಯ ಸೂಚ್ಯಂಕ 1964. ಹಲ್ಲಿನ ಬೆಳವಣಿಗೆಯನ್ನು ಅಳೆಯುವ ನೋಲಾ ಹಂತ ಆರರಲ್ಲಿ ಹಲ್ಲಿನ ಕಿರೀಟ (ಮೇಲ್ಭಾಗ) ಪೂರ್ಣ. ಇವನ್ನು ಅಂಗೈಯಗಲದ ಚೀಟಿಗಳಲ್ಲಿ ಬರೆದು ಕುಮಟಾ ಬಸ್ಸಿನಲ್ಲಿ ಓದುತ್ತಿದ್ದೆ. ದೇವಿಮನೆ ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ಹಾಗಾಗಿ ಆ್ಯಪ್‌ಗಿಂತ ಕಾಗದವೇ ನಂಬಿಕೆಗೆ ಅರ್ಹ. ಚೀಟಿ ಮಡಚಿ ಬಾಯಲ್ಲಿ ಹೇಳಿಕೊಳ್ಳುವುದು, ಬರದಿದ್ದರೆ ಅದನ್ನು ಮೇಲಿಡುವುದು, ಬಂದದ್ದನ್ನು ಕೆಳಗೆ ತಳ್ಳುವುದು. ಹೊಸ ಚೀಟಿ ಬರೆಯುವುದನ್ನು ಕೊನೆಯ ವಾರಗಳಲ್ಲಿ ಪೂರ್ತಿ ನಿಲ್ಲಿಸಿದೆ.

ಗೊತ್ತಿಲ್ಲದ ಪ್ರಶ್ನೆ ಬಿಡಬೇಕು ಎಂದು ಹಲವರು ಹೆದರಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ ಕಾಲು ಅಂಕ ಲಾಭ, ಒಂದನ್ನು ಖಚಿತವಾಗಿ ಹೊಡೆದುಹಾಕಿದರೆ ಮೂರನೇ ಎರಡು ಅಂಕ. ಒಂದನ್ನೂ ಖಾಲಿ ಬಿಡದೆ ಎದ್ದು ಬಂದೆ.