ರೇಷ್ಮೆ ಜೆಲ್‌ನ ಗಟ್ಟಿತನ ಅಳೆಯೋಕೆ ಟೇಬಲ್ ಮೇಲೊಂದು ಡಿಎಲ್‌ಎಸ್: ನನ್ನ ಅನುಭವ

ಕೊನೆಗೂ ಎರಡು ಗೆರೆಗಳು ಒಂದರ ಪಕ್ಕ ಒಂದು ಬಂದು ಕೂತವು. ಒಂದು, ಊರಿನ ಕಾಲೇಜೊಂದರ ರಿಯೋಮೀಟರ್ (ಮೆತ್ತನೆಯ ವಸ್ತುವನ್ನು ತಟ್ಟೆಗಳ ನಡುವೆ ತಿರುಗಿಸಿ ಗಟ್ಟಿತನ ಅಳೆಯುವ ಯಂತ್ರ) ಕೊಟ್ಟದ್ದು. ಇನ್ನೊಂದು, ನಮ್ಮ ಶೆಡ್ಡಿನಲ್ಲಿ ಗ್ರಾನೈಟ್ ಕಲ್ಲಿನ ಮೇಲೆ ಜೋಡಿಸಿದ ಲೇಸರ್ ಕೊಟ್ಟದ್ದು, ಡಿಎಲ್‌ಎಸ್ (ಡೈನಾಮಿಕ್ ಲೈಟ್ ಸ್ಕ್ಯಾಟರಿಂಗ್) ವಿಧಾನದಲ್ಲಿ: ಚದುರಿದ ಬೆಳಕಿನ ಮಿನುಗಾಟ ನೋಡಿ ಕಣಗಳ ಅಲುಗಾಟ ಅಳೆಯುವುದು. ವ್ಯತ್ಯಾಸ 15 ಪರ್ಸೆಂಟ್ ಆಸುಪಾಸು. ಬೆಳಕಿನಿಂದ ಜೆಲ್ ಗಟ್ಟಿತನ ಅಳೆಯೋದು ಆಗೋ ಕೆಲಸ ಅಲ್ಲ ಅಂದವರ ಪಟ್ಟಿ ಉದ್ದ ಇದೆ. ಅದಕ್ಕೇ ಬರೆಯಲು ಕೂತೆ. ಥಿಯರಿ ಹೇಳುವುದಿಲ್ಲ. ಮೇಸನ್ ಮತ್ತು ವೈಟ್ಜ್ 1995ರಲ್ಲಿ ಒಳಗೆ ಬೆರೆಸಿದ ಪುಟ್ಟ ಮಣಿಗಳ ಅಲುಗಾಟದಿಂದ ಜಿ ಪ್ರೈಮ್ (ಸ್ಪ್ರಿಂಗಿನಂಥ ಗಟ್ಟಿತನ), ಜಿ ಡಬಲ್ ಪ್ರೈಮ್ (ದ್ರವದಂಥ ಹರಿಯುವ ಗುಣ) ತೆಗೆಯುವ ದಾರಿ ತೋರಿಸಿದ್ದು ಈ ಕೆಲಸ ಮಾಡುವವರಿಗೆಲ್ಲ ಗೊತ್ತೇ ಇದೆ.

ರಿಯೋಮೀಟರ್ ಇರುವಾಗ ಈ ಗೋಳೆಲ್ಲ ಯಾಕೆ? ರೇಷ್ಮೆ ಫೈಬ್ರಾಯಿನ್ (ನೂಲಿನ ಪ್ರೋಟೀನ್) ದ್ರಾವಣ ಕೈಯಲ್ಲಿ ಹಿಡಿದವರು ಈ ಪ್ರಶ್ನೆ ಕೇಳುವುದಿಲ್ಲ. ಹುಳ ನೂಲು ತೆಗೆಯುವುದೇ ದ್ರಾವಣವನ್ನು ಎಳೆದು ಉಜ್ಜಿ. ಅಂಥ ವಸ್ತುವನ್ನು ಎರಡು ತಟ್ಟೆಗಳ ನಡುವೆ ಹಾಕಿ ತಿರುಗಿಸಿದರೆ ಅದು ಅಲ್ಲೇ ಗಟ್ಟಿಯಾಗಲು ಶುರು ಮಾಡುತ್ತದೆ. ಅಂಚಿನಲ್ಲಿ ಗಾಳಿ ತಾಕಿದ ಕಡೆ ಕೆನೆ ಕಟ್ಟುತ್ತದೆ. ಆಮೇಲೆ ಬರುವ ಸಂಖ್ಯೆ ಜೆಲ್‌ನದ್ದಾ, ಕೆನೆಯದ್ದಾ? ಸುತ್ತ ಎಣ್ಣೆ ಬಿಟ್ಟು, ಸ್ಟ್ರೇನ್ (ಎಳೆತ) ತೀರಾ ಕಡಿಮೆ ಇಟ್ಟು ಪರದಾಡಬಹುದು. ಆದರೆ ಪ್ರತಿ ಸಲ ಒಂದು ಎಂಎಲ್ ಹತ್ತಿರ ದ್ರಾವಣ ಬೇಕು. ನಮ್ಮ ಹತ್ತಿರ ಅಷ್ಟು ಇರುತ್ತಿರಲಿಲ್ಲ. ಬೆಳಕಿಗಾದರೆ 100 ಮೈಕ್ರೋಲೀಟರ್ ಸಾಕು. ಸ್ಯಾಂಪಲ್ ಮುಟ್ಟಬೇಕಾಗಿಯೂ ಇಲ್ಲ.

ಮೊದಲ ಖರ್ಚು ಲೇಸರ್‌ಗಲ್ಲ, ರೇಷ್ಮೆ ಕರಗಿಸೋಕೆ ಹೋಯಿತು. ರಾಮನಗರದ ಮಾರುಕಟ್ಟೆಯಲ್ಲಿ ತೂತಾದ ಗೂಡು ಅಗ್ಗಕ್ಕೆ ಸಿಗುತ್ತದೆ. ನೂಲು ಬಿಚ್ಚೋಕೆ ಬಾರದು, ನಮಗೆ ಸಾಕು. ಬಿಳಿ ಬೈವೋಲ್ಟೀನ್ ತಳಿಯ ಗೂಡನ್ನೇ ಆರಿಸಿ. ಸೋಡಿಯಂ ಕಾರ್ಬೊನೇಟ್‌ನಲ್ಲಿ ಅರ್ಧ ಗಂಟೆ ಕುದಿಸಿದರೆ ಸೆರಿಸಿನ್ ಅಂಟು ಹೋಗುತ್ತದೆ, ತೂಕದಲ್ಲಿ ಕಾಲು ಭಾಗ ಅದೇ. ಅರ್ಧ ಗಂಟೆಗಿಂತ ಜಾಸ್ತಿ ಕುದಿಸಬೇಡಿ, ಪ್ರೋಟೀನ್ ಸರಪಳಿಯೇ ತುಂಡಾಗಿ ಜೆಲ್ ಬಲ ಕಳೆದುಕೊಳ್ಳುತ್ತದೆ. ಕರಗಿಸೋಕೆ ಎಲ್ಲರೂ ಹೇಳುವುದು 9.3 ಮೋಲಾರ್ ಲಿಥಿಯಂ ಬ್ರೋಮೈಡ್. ಅಂದರೆ ಲೀಟರ್‌ಗೆ 800 ಗ್ರಾಂ! ಆ ಬಿಲ್ ನೋಡಿ ನನ್ನ ಜೊತೆಗಾರ ಕುರ್ಚಿಯಿಂದ ಎದ್ದೇ ಬಿಟ್ಟ. ಕ್ಯಾಲ್ಸಿಯಂ ಕ್ಲೋರೈಡ್, ಎಥನಾಲ್, ನೀರು ಸೇರಿಸುವ ಹಳೆಯ ವಿಧಾನಕ್ಕೆ ಬಂದೆವು. ಮೋಲ್ ಲೆಕ್ಕದಲ್ಲಿ 1:2:8. ಖರ್ಚು ಹತ್ತರಲ್ಲಿ ಒಂದು ಪಾಲೂ ಇಲ್ಲ. ಸರಪಳಿ ಸ್ವಲ್ಪ ಚಿಕ್ಕದಾಗುತ್ತದೆ ಅಂತ ದೂರುವವರಿದ್ದಾರೆ, ಇರಲಿ. ಡಯಾಲಿಸಿಸ್‌ಗೆ (ಪೊರೆಯ ಚೀಲದಲ್ಲಿಟ್ಟು ಉಪ್ಪು ತೆಗೆಯುವುದು) ಮಾತ್ರ ಮೂರು ದಿನ ಕೊಡಲೇಬೇಕು. ಅವಸರ ಮಾಡಿದರೆ ಉಪ್ಪು ಉಳಿದು ಜೆಲ್ ತನಗೆ ತೋಚಿದ ಹೊತ್ತಿಗೆ ಕಟ್ಟುತ್ತದೆ.

ಇನ್ನು ಟೇಬಲ್. ಆಪ್ಟಿಕಲ್ ಟೇಬಲ್ಲಿನ (ನಡುಕ ತಡೆಯುವ ಮೇಜು) ಕೊಟೇಶನ್ ಕೇಳಿ ಫೋನ್ ಇಟ್ಟುಬಿಟ್ಟೆ. ಜಿಗಣಿಯಿಂದ ನಾಲ್ಕು ಇಂಚು ದಪ್ಪದ ಗ್ರಾನೈಟ್ ತುಂಡು ತಂದೆವು, ಪಾಲಿಶ್‌ನಲ್ಲಿ ಮೂಲೆ ಮುರಿದು ಮಾರಾಟವಾಗದೆ ಬಿದ್ದಿದ್ದ ಕಲ್ಲು. ನಾಲ್ಕು ಸಾವಿರ, ಆಟೋ ಟೆಂಪೋ ಬಾಡಿಗೆ ಬೇರೆ. ಕೆಳಗೆ ನಾಲ್ಕು ಸ್ಕೂಟರ್ ಟ್ಯೂಬು. ಟ್ಯೂಬಿಗೆ ಗಾಳಿ ತುಂಬಾ ಹಾಕಬಾರದು. ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಒಳಗೆ ಹೋಗಬೇಕು. ಕಲ್ಲನ್ನು ಮೆಲ್ಲಗೆ ತಳ್ಳಿ ಬಿಟ್ಟರೆ ಸೆಕೆಂಡಿಗೆ ಎರಡು ಮೂರು ಸಲ ತೂಗಿ ನಿಲ್ಲಬೇಕು, ಅಷ್ಟು ಮೆತ್ತಗಿದ್ದರೆ ಸರಿ. ನಮ್ಮ ರಸ್ತೆಯಲ್ಲಿ ಬಿಎಂಟಿಸಿ ಬಸ್ ಹಂಪ್ ಹಾರಿದಾಗೆಲ್ಲ ಕೋರಿಲೇಶನ್ ಗೆರೆಯ (ಬೆಳಕಿನ ಮಿನುಗು ಎಷ್ಟು ಬೇಗ ಬದಲಾಗುತ್ತದೆ ಅಂತ ತೋರಿಸುವ ಗೆರೆ) ಬಾಲದಲ್ಲಿ ಒಂದು ಉಬ್ಬು ಏಳುತ್ತಿತ್ತು. ಟ್ಯೂಬು ಹಾಕಿದ ಮೇಲೆ ಅದು ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲಿಗೆ ರಾತ್ರಿ ಹನ್ನೊಂದರ ಮೇಲೆ ಅಳೆಯುವುದೇ ಮದ್ದು. ಪಕ್ಕದಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರೆ ಅದೂ ಇಲ್ಲ, ಮನೆಗೆ ಹೋಗಿ ಮಲಗಿ.

ಹೀಲಿಯಂ-ನಿಯಾನ್ ಲೇಸರ್, 632.8 ನ್ಯಾನೋಮೀಟರ್, 5 ಮಿಲಿವ್ಯಾಟ್. ಮುಚ್ಚಿಹೋದ ಲ್ಯಾಬ್ ಒಂದರಿಂದ ಸೆಕೆಂಡ್ ಹ್ಯಾಂಡ್, 35 ಸಾವಿರದ ಹತ್ತಿರ. ಫೋಟಾನ್ ಎಣಿಸುವ ಡಿಟೆಕ್ಟರ್ ಕೂಡ ಹಳೆಯದೇ, 90 ಸಾವಿರ. ಚೌಕಾಸಿ ಮಾಡಿದ್ದು ಜೊತೆಗಾರ, ನನಗೆ ಬಾರದ ವಿದ್ಯೆ. ಹಾರ್ಡ್‌ವೇರ್ ಕೋರಿಲೇಟರ್ (ಆ ಗೆರೆ ಲೆಕ್ಕ ಹಾಕುವ ಯಂತ್ರ) ಕೊಳ್ಳಲೇ ಇಲ್ಲ. ಹನ್ನೆರಡು ಸಾವಿರದ ಎಫ್‌ಪಿಜಿಎ ಬೋರ್ಡು (ನಮಗೆ ಬೇಕಾದ ಹಾಗೆ ಹೊಂದಿಸಬಹುದಾದ ಚಿಪ್) ಫೋಟಾನ್ ಬಂದ ಹೊತ್ತನ್ನು ಬರೆದುಕೊಳ್ಳುತ್ತದೆ, ಉಳಿದದ್ದು ಪೈಥಾನ್ ಪ್ರೋಗ್ರಾಂ. ಕನೆಕ್ಟರ್, ಪೆಲ್ಟಿಯರ್ (ಕರೆಂಟಿನಿಂದ ತಂಪು ಮಾಡುವ ಬಿಲ್ಲೆ), ಕೂಲಿಂಗ್ ಫ್ಯಾನ್ ಎಲ್ಲ ಬೆಂಗಳೂರಿನ ಎಸ್‌.ಪಿ. ರಸ್ತೆ. ಬೆಳಕು ಹಿಡಿಯೋಕೆ ಪಿನ್‌ಹೋಲ್ ಬಿಟ್ಟು ಸಿಂಗಲ್ ಮೋಡ್ ಫೈಬರ್ ಹಾಕಿದೆವು. ಇಂಟರ್‌ಸೆಪ್ಟ್ (ಗೆರೆ ಶುರುವಾಗುವ ಎತ್ತರ, ಒಂದಕ್ಕೆ ಹತ್ತಿರವಾದಷ್ಟೂ ಒಳ್ಳೆಯದು) 0.4ರಿಂದ ಒಂದೇ ಏಟಿಗೆ 0.9ರ ಮೇಲೆ ಹೋಯಿತು. ದುಡ್ಡು ಉಳಿಸಬೇಕಾದರೆ ಬೇರೆ ಕಡೆ ಉಳಿಸಿ, ಇಲ್ಲಿ ಬೇಡ.

ಕ್ಯೂವೆಟ್ (ಸ್ಯಾಂಪಲ್ ಹಾಕುವ ಪಾರದರ್ಶಕ ಪುಟ್ಟ ಪಾತ್ರೆ) ಹಿಡಿಯುವ ಹಿತ್ತಾಳೆ ಬ್ಲಾಕ್ ಪೀಣ್ಯದಲ್ಲಿ ಮಾಡಿಸಿದ್ದು. ಡ್ರಾಯಿಂಗ್ ನೋಡಿ ಲೇತ್ ಅಣ್ಣ ಮೂಗು ಮುರಿದರು. "ಏನ್ ಸಾರ್, ಇಷ್ಟು ಚಿಕ್ಕ ತೂತಿಗೆ ಇಂಥ ಟಾಲರೆನ್ಸಾ? ರಾಕೆಟ್‌ಗಾ?" "ಅಲ್ಲಣ್ಣ, ರೇಷ್ಮೆಗೆ" ಅಂದೆ. ಅವರ ಮನೆಯವರು ಶಿಡ್ಲಘಟ್ಟದಲ್ಲಿ ಗೂಡು ಬೆಳೆಯುತ್ತಾರಂತೆ. ನೂರು ರೂಪಾಯಿ ಕಡಿಮೆ ತೆಗೆದುಕೊಂಡು, ಅರ್ಧ ಗಂಟೆ ಹಿಪ್ಪುನೇರಳೆ ಸೊಪ್ಪಿನ ರೇಟಿನ ಬಗ್ಗೆ ಮಾತಾಡಿದರು. ಬ್ಲಾಕ್ ಮಾತ್ರ ಹಿತ್ತಾಳೆಯಲ್ಲೇ ಇರಲಿ, ಶಾಖ ಸಮ ಹಂಚಬೇಕು. ನೀರಿನ ಸ್ನಿಗ್ಧತೆ ಒಂದು ಡಿಗ್ರಿಗೆ ಸುಮಾರು ಎರಡು ಪರ್ಸೆಂಟ್ ಬದಲಾಗುತ್ತದೆ. ನಮ್ಮ ಶೆಡ್ಡಿನ ಶೀಟು ಮಧ್ಯಾಹ್ನ ಏನು ಮಾಡುತ್ತದೆ ಅಂತ ನೀವೇ ಊಹಿಸಿ.

ಮಣಿಗಳ ಕಥೆ ದುಃಖದ್ದು. 500 ನ್ಯಾನೋಮೀಟರ್ ಪಾಲಿಸ್ಟೈರೀನ್ ಮಣಿ, ಸಣ್ಣ ಬಾಟಲಿ, ಹದಿನಾಲ್ಕೋ ಹದಿನೈದೋ ಸಾವಿರ. ತರಿಸಿಕೊಟ್ಟವರು ಭಾರಿ ಕಾಳಜಿಯಿಂದ ಡ್ರೈ ಐಸ್ ತುಂಬಿ ಕಳಿಸಿದ್ದರು. ಡಬ್ಬಿ ಮೇಲೆ 'ಫ್ರೀಜ್ ಮಾಡಬೇಡಿ' ಅಂತ ಕೆಂಪಕ್ಷರದಲ್ಲಿ ಇತ್ತು! ಒಮ್ಮೆ ಹೆಪ್ಪುಗಟ್ಟಿದ ಮಣಿಗಳು ಒಂದಕ್ಕೊಂದು ಅಂಟಿಕೊಂಡರೆ ಮುಗಿಯಿತು, ಸೋನಿಕೇಟರ್‌ಗೂ (ಶಬ್ದದ ಅಲೆಯಿಂದ ಅಲ್ಲಾಡಿಸುವ ಯಂತ್ರ) ಜಗ್ಗುವುದಿಲ್ಲ. ವಾಪಸ್ ತೆಗೆದುಕೊಳ್ಳಲಿಲ್ಲ. ಇನ್ನೊಂದು ಬಾಟಲಿ ನಮ್ಮ ಜೇಬಿನಿಂದಲೇ.

ಹೊಸ ಮಣಿ ನೀರಿನಲ್ಲಿ ಚೆನ್ನಾಗಿ ನಡೆಯಿತು. 25 ಡಿಗ್ರಿ ಸೆಲ್ಸಿಯಸ್, 90 ಡಿಗ್ರಿ ಕೋನ, ಇಂಟೆನ್ಸಿಟಿ ಕೋರಿಲೇಶನ್ ಒಂದೂವರೆ ಮಿಲಿಸೆಕೆಂಡಿನಲ್ಲಿ ಇಳಿಯಬೇಕು, ಇಳಿಯಿತು. ಗ್ಲಿಸರಾಲ್ ಬೆರೆಸಿದ ನೀರಿನಲ್ಲೂ ಸರಿ. ಫೈಬ್ರಾಯಿನ್‌ಗೆ ಹಾಕಿದ ಕೂಡಲೇ ಎಡವಟ್ಟು. ಪ್ರೋಟೀನ್ ಮಣಿಗೆ ಸುತ್ತಿಕೊಂಡು, ಮಣಿಗಳು ಗುಂಪು ಕಟ್ಟಿ, ಅರ್ಧ ಗಂಟೆಯಲ್ಲಿ ತಳದಲ್ಲಿ ಬಿಳಿ ಚುಕ್ಕೆ. ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್, ಪ್ರೋಟೀನ್ ಅಂಟದ ಪಾಲಿಮರ್) ಹೊದಿಕೆ ಹಾಕಿದ ಮೇಲೆ ನಿಂತಿತು. ಹೊದಿಕೆ ಹಾಕುವ ಕ್ರಮ ಎಲ್ಲ ಕಡೆ ಸಿಗುತ್ತದೆ. ಆದರೆ ಪೆಗ್ ಹಾಕುವ ಮುಂಚೆ ನಾವು ಮಣಿಗೆ ಇನ್ನೊಂದು ತೊಳೆತ ಕೊಡುತ್ತೇವೆ, ಅದು ಯಾವುದರಲ್ಲಿ ಅಂತ ಸದ್ಯಕ್ಕೆ ಹೇಳುವುದಿಲ್ಲ. ಅದಕ್ಕೆ ಸುರಿದ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಒಂದು ಮಾತು ಮಾತ್ರ ನೆನಪಿಡಿ. ಮಣಿಯಿಂದ ಚದುರುವ ಬೆಳಕು ರೇಷ್ಮೆಯದ್ದಕ್ಕಿಂತ ಹತ್ತು ಪಟ್ಟಾದರೂ ಇರಬೇಕು. ಮಣಿ ಹಾಕದ ದ್ರಾವಣದ ಎಣಿಕೆ ಮೊದಲು ತೆಗೆದಿಟ್ಟುಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ನಿಜವಾದ ತಲೆನೋವು. ದ್ರಾವಣ ಇರುವಾಗ ಗೆರೆ ಸರಿ ಇಳಿಯುತ್ತದೆ. ಜೆಲ್ ಕಟ್ಟಲು ಶುರುವಾದರೆ ಅರ್ಧಕ್ಕೇ ನಿಂತುಬಿಡುತ್ತದೆ. ಕ್ಯೂವೆಟ್ ಒಂದು ಕೂದಲೆಳೆ ಸರಿಸಿದರೆ ಇಂಟರ್‌ಸೆಪ್ಟ್ 0.3, ಇನ್ನೊಂದು ಕೂದಲೆಳೆ ಸರಿಸಿದರೆ 0.7. ಯಾವುದನ್ನು ನಂಬೋದು? "ನಾನು ಹೇಳಲಿಲ್ವೇನಯ್ಯಾ, ಜೆಲ್‌ಗೆ ಡಿಎಲ್‌ಎಸ್ ಬರಲ್ಲ ಅಂತ" ಅಂತ ಹಿರಿಯ ಮೇಷ್ಟ್ರೊಬ್ಬರು ನಕ್ಕರು. ಅವರು ಹೇಳಿದ್ದು ಅರ್ಧ ನಿಜ. ಮಣಿ ಜಾಲದಲ್ಲಿ ಸಿಕ್ಕಿಕೊಂಡರೆ ಇದ್ದಲ್ಲೇ ಅಲುಗಾಡುತ್ತದೆ, ಒಂದು ಜಾಗವನ್ನು ಎಷ್ಟು ಹೊತ್ತು ನೋಡಿದರೂ ಇಡೀ ಸ್ಯಾಂಪಲ್ಲಿನ ಸರಾಸರಿ ಸಿಗುವುದಿಲ್ಲ. ಪ್ಯೂಸಿ ಮತ್ತು ವಾನ್ ಮೆಗೆನ್ 1989ರಲ್ಲೇ ಇದನ್ನು ಬಿಡಿಸಿಟ್ಟಿದ್ದಾರೆ. ಕ್ಯೂವೆಟ್‌ ಅನ್ನು ಮೆಲ್ಲಗೆ ತಿರುಗಿಸುವುದು ಒಂದು ದಾರಿ. ಎಸ್‌.ಪಿ. ರಸ್ತೆಯ ಗೇರ್ ಮೋಟಾರ್ ಹಾಕಿ ನೋಡಿದೆವು, ಅದರ ನಡುಕವನ್ನೇ ಚೆನ್ನಾಗಿ ಅಳೆದೆವು. ಕಡೆಗೆ ನೆರವಿಗೆ ಬಂದದ್ದು ಗ್ಲೋಬಲ್ ಶಟರ್ (ಇಡೀ ಚಿತ್ರವನ್ನು ಒಂದೇ ಕ್ಷಣಕ್ಕೆ ಹಿಡಿಯುವ) ಕ್ಯಾಮೆರಾ, 40 ಸಾವಿರ. ಒಂದು ಚುಕ್ಕೆಯ ಬದಲು ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ನೋಡಿ ಸರಾಸರಿ ತೆಗೆಯುತ್ತದೆ. ಸ್ಪೆಕಲ್ (ಬೆಳಕಿನ ಚುಕ್ಕೆ) ಒಂದಕ್ಕೆ ಎರಡು ಪಿಕ್ಸೆಲ್ ಬರುವ ಹಾಗೆ ಅಪರ್ಚರ್ ಇಡಿ. ಕ್ಯಾಮೆರಾ ನಿಧಾನ, ಕೆಲವು ಮಿಲಿಸೆಕೆಂಡಿನಿಂದ ಆಚೆಗೆ ಮಾತ್ರ. ಅದಕ್ಕಿಂತ ಚುರುಕಾದ ಭಾಗಕ್ಕೆ ಫೋಟಾನ್ ಡಿಟೆಕ್ಟರ್. ಎರಡು ಗೆರೆಗಳನ್ನು ಎತ್ತಿ ಇಳಿಸದೆ ಹೊಲಿಯುವ ಉಪಾಯ ಒಂದಿದೆ. ಅದೂ ನಮ್ಮ ಹತ್ತಿರವೇ ಇರಲಿ.

ಸೋನಿಕೇಟ್ ಮಾಡಿದ ಎರಡು ಪರ್ಸೆಂಟ್ ಫೈಬ್ರಾಯಿನ್, ರಾತ್ರಿ ಪೂರ್ತಿ. ಮಣಿಯ ಸರಾಸರಿ ಚದರ ಚಲನೆಯ (ಹೊತ್ತು ಕಳೆದಂತೆ ಮಣಿ ಎಷ್ಟು ಸರಿಯಿತು ಅನ್ನುವುದು) ಗೆರೆಯ ಇಳಿಜಾರು, ಲಾಗ್ ಅಳತೆಯಲ್ಲಿ, ಮೊದಲು 1 ಇತ್ತು, ಅಂದರೆ ದ್ರವದ ಹಾಗೆ. ಎರಡು ಗಂಟೆ ಕಳೆದ ಮೇಲೆ ಅರ್ಧಕ್ಕೆ ಬಾಗಿತು. ಬೆಳಗಿನ ಜಾವಕ್ಕೆ ಹೆಚ್ಚುಕಡಿಮೆ ಚಪ್ಪಟೆ. ಅಲ್ಲಿಂದ ಲೆಕ್ಕ ಹಾಕಿದರೆ ಗಟ್ಟಿತನ 40 ಪಾಸ್ಕಲ್ ಆಸುಪಾಸು. ಅದೇ ಬ್ಯಾಚು ಕಾಲೇಜಿನ ರಿಯೋಮೀಟರ್ ತಟ್ಟೆಗಳ ನಡುವೆಯೇ ಕಟ್ಟಿದಾಗ 46ರ ಹತ್ತಿರ. ಮೇಷ್ಟ್ರು ಪ್ರಿಂಟ್ ಕೇಳಿದರು, ಕೊಟ್ಟೆ, ಈಗ ಅವರ ಬಾಗಿಲ ಮೇಲೆ ಅಂಟಿಸಿಕೊಂಡಿದ್ದಾರೆ.

ಮಿತಿಯೂ ಇದೆ. 100 ಪಾಸ್ಕಲ್ ಮುಟ್ಟಿದರೆ 500 ನ್ಯಾನೋಮೀಟರ್ ಮಣಿ ಅಲುಗಾಡುವುದು ಬರೀ 7 ನ್ಯಾನೋಮೀಟರ್. ಕೋರಿಲೇಶನ್ ಒಂದು ಪರ್ಸೆಂಟ್ ಕೂಡ ಇಳಿಯುವುದಿಲ್ಲ, ಬಸ್ಸಿನ ನಡುಕವೇ ಅದಕ್ಕಿಂತ ಜಾಸ್ತಿ. ಮಣಿ ಚಿಕ್ಕದು ಮಾಡಿದರೆ ಚಲನೆ ಹೆಚ್ಚುತ್ತದೆ, ಆದರೆ ಅದು ಜಾಲದ ಕಣ್ಣುಗಳಲ್ಲಿ ನುಸುಳಿಕೊಂಡು ಹೋಗಿ ಜೆಲ್ ಇರುವುದಕ್ಕಿಂತ ಮೆತ್ತಗೆ ಕಾಣುತ್ತದೆ.

"ಬ್ರಿಲ್ಲೂಯಿನ್ ಯಾಕೆ ಮಾಡಬಾರದು? ಈಗ ಎಲ್ಲ ಕಡೆ ಅದೇ" ಅಂತ ಕೇಳುವವರು ಇದ್ದಾರೆ. ವಸ್ತುವಿನೊಳಗಿನ ಶಬ್ದದ ಅಲೆಗಳಿಂದ ಚದುರಿದ ಬೆಳಕಿನ ಬಣ್ಣ ಕೊಂಚ ಬದಲಾಗುವುದನ್ನು ಅಳೆಯುವ ವಿಧಾನ ಅದು. 2008ರಲ್ಲಿ ಸ್ಕಾರ್ಸೆಲ್ಲಿ ಮತ್ತು ಯುನ್ ವೀಪಾ (ಬಣ್ಣದ ಅತಿ ಸಣ್ಣ ಬದಲಾವಣೆ ಬಿಡಿಸಿ ತೋರಿಸುವ ಗಾಜು) ಹಾಕಿ ಮೈಕ್ರೋಸ್ಕೋಪ್ ಮಾಡಿದ ಮೇಲೆ ಅದರ ಗಾಳಿ ಎದ್ದಿದೆ, ನಿಜ. ಆದರೆ ಅದಕ್ಕೆ ಬೇಕಾದ ಲೇಸರ್, ಸ್ಪೆಕ್ಟ್ರೋಮೀಟರ್ ಸೇರಿದರೆ ನಮ್ಮ ಶೆಡ್ಡು ಮಾರಬೇಕು. ಮೇಲಾಗಿ ಅದು ಕೊಡುವುದು ಗಿಗಾಪಾಸ್ಕಲ್ ಲೆಕ್ಕದ ಲಾಂಜಿಟ್ಯೂಡಿನಲ್ ಮಾಡ್ಯುಲಸ್ (ಒತ್ತಿದಾಗಿನ ಗಟ್ಟಿತನ). 532 ನ್ಯಾನೋಮೀಟರ್ ಬೆಳಕನ್ನು ಹಿಂದಕ್ಕೆ ಚದುರಿಸಿ ನೋಡಿದರೆ ಬರೀ ನೀರೇ 7.5 ಗಿಗಾಹರ್ಟ್ಸ್ ಹತ್ತಿರ ತೋರಿಸುತ್ತದೆ. 98 ಪರ್ಸೆಂಟ್ ನೀರಿರುವ ಜೆಲ್ ಅಲ್ಲಿ ನೀರಿನ ಹಾಗೇ ಕಾಣುತ್ತದೆ. ಕಣ್ಣಿನ ಮಸೂರಕ್ಕೆ ಒಳ್ಳೆಯದು, ನಮ್ಮದಕ್ಕೆ ಅಲ್ಲ. ಈ ಊರಿಗೆ ಅದು ಹೊಸದೂ ಅಲ್ಲ ಬಿಡಿ. 1930ರ ದಶಕದಲ್ಲೇ ರಾಮನ್ ಮತ್ತು ಬಿ.ವಿ. ರಾಘವೇಂದ್ರ ರಾವ್ ಇಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಐಐಎಸ್‌ಸಿ) ಕೂತು ದ್ರವಗಳಲ್ಲಿ ಅದನ್ನು ನೋಡುತ್ತಿದ್ದರು, ಲೇಸರ್ ಹುಟ್ಟುವ ಎಷ್ಟೋ ಮುಂಚೆ.

ಸ್ಯಾಂಪಲ್ ಡಯಾಲಿಸಿಸ್‌ನಲ್ಲಿ ಕೂತಿರುವಾಗ ಸುಮ್ನೆ ಇರೋಕಾಗಲ್ಲ ಅಲ್ವಾ. ಬೆಂಡೆಕಾಯಿ ಲೋಳೆ ಹಾಕಿ ನೋಡಿದೆವು. ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಸೆಂಟ್ರಿಫ್ಯೂಜ್ ಮಾಡಿ. ಇಳಿಜಾರು ಒಂದಕ್ಕಿಂತ ಕಡಿಮೆ, ಕಣ್ಣಿಗೆ ಕಾಣುವ ಎಳೆ ಎಳೆಯಾಗುವ ಗುಣ ಗೆರೆಯಲ್ಲೂ ಕಾಣುತ್ತದೆ. ಮಟನ್ ಅಂಗಡಿಯಿಂದ ಮೇಕೆ ಕಣ್ಣು ತಂದು ಒಳಗಿನ ವಿಟ್ರಿಯಸ್ (ಕಣ್ಣು ತುಂಬಿರುವ ಲೋಳೆ) ಅಳೆದೆವು. ಬೆಳಿಗ್ಗೆ ಏಳಕ್ಕೇ ಹೋಗಿ ತನ್ನಿ, ಮಧ್ಯಾಹ್ನದ ಹೊತ್ತಿಗೆ ಅದು ನೀರಾಗಲು ಶುರುವಾಗಿರುತ್ತದೆ. ನಮಗೆ ಸಿಕ್ಕಿದ್ದು ಕೆಲವೇ ಪಾಸ್ಕಲ್. ಇಷ್ಟು ಮೆತ್ತನೆಯದಕ್ಕೆ ಈ ಸೆಟಪ್ಪನ್ನು ಮೀರಿಸೋದು ಕಷ್ಟ, ಜಂಬ ಅಂದರೂ ಪರವಾಗಿಲ್ಲ. ನಂದಿನಿ ನೀಲಿ ಪ್ಯಾಕೆಟ್ಟಿಗೆ ಹೆಪ್ಪು ಹಾಕಿಯೂ ನೋಡಿದೆವು. ಅಲ್ಲಿ ಕೇಸಿನ್ (ಹಾಲಿನ ಪ್ರೋಟೀನ್) ಕಣಗಳೇ ಮಣಿ. ಆದರೆ ಅವೇ ಜಾಲವೂ ಆಗುವುದರಿಂದ ಪಾಸ್ಕಲ್ ಲೆಕ್ಕಕ್ಕೆ ಅರ್ಥವಿಲ್ಲ, ಹೆಪ್ಪುಗಟ್ಟುವ ಹೊತ್ತು ಮಾತ್ರ ಖಚಿತವಾಗಿ ಸಿಗುತ್ತದೆ. ಹಾಲಿಗೆ ಬರೀ ನೀರು ಬೆರೆಸಿ ತೆಳು ಮಾಡಬೇಡಿ, ಲವಣಗಳ ಲೆಕ್ಕ ತಪ್ಪಿ ಅದು ಬೇರೆಯೇ ಹಾಲಾಗುತ್ತದೆ.

ಒಟ್ಟು ಖರ್ಚು ಎರಡೂವರೆ ಲಕ್ಷದ ಹತ್ತಿರ, ಕೆಟ್ಟ ಮಣಿ ಬಾಟಲಿಯೂ ಸೇರಿ. ಹೊಸ ಡಿಎಲ್‌ಎಸ್ ಯಂತ್ರಕ್ಕೆ ನಮಗೆ ಬಂದ ಕೊಟೇಶನ್ ಇದರ ಹತ್ತು ಪಟ್ಟಿಗೂ ಜಾಸ್ತಿ ಇತ್ತು. ಈಗ ಗಟ್ಟಿ ಜೆಲ್‌ಗಾಗಿ ಮಣಿಯನ್ನು ಒಂದು ಪರ್ಸೆಂಟ್‌ವರೆಗೆ ಏರಿಸಿ, ಬೆಳಕು ಹತ್ತಾರು ಸಲ ಚದುರಿ ಆಚೆ ಬರುವ ಹಾಗೆ ಮಾಡುತ್ತಿದ್ದೇವೆ. ಡಿಡಬ್ಲ್ಯೂಎಸ್ ಅನ್ನುವ ಈ ವಿಧಾನದಲ್ಲಿ ಒಂದು ನ್ಯಾನೋಮೀಟರ್‌ಗಿಂತ ಸಣ್ಣ ಅಲುಗಾಟವೂ ಸಿಗುತ್ತದೆ, ಆದರೆ ಮಣಿ ಖರ್ಚು ನೂರು ಪಟ್ಟು. ಮಣಿ ಬದಲು ಅಗ್ಗದ ಟೈಟಾನಿಯಂ ಡೈಆಕ್ಸೈಡ್ ಪುಡಿ ಹಾಕಿದೆವು, ಗಾತ್ರ ಒಂದೇ ಸಮ ಇಲ್ಲ, ಫಲಿತಾಂಶ ದಿನಕ್ಕೊಂದು. ಯಾರಾದರೂ ಒಂದೇ ಗಾತ್ರದ ಮಣಿಯನ್ನು ಇಲ್ಲೇ ಮಾಡುತ್ತಿದ್ದರೆ ರೇಟ್ ಹೇಳಿ. ಡ್ರೈ ಐಸ್‌ನಲ್ಲಿ ಮಾತ್ರ ಕಳಿಸಬೇಡಿ.