ಅಂಬಾಸಿಡರ್‌ನ ಹಿಂದಿನ ಬುಶ್: ಹಾಕುವುದು ಸುಲಭ, ಬಿಗಿ ಮಾಡುವುದರಲ್ಲೇ ಇದೆ ಕೆಲಸ

ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಾಗುವುದು ನಿಂತದ್ದು 2014ರಲ್ಲಿ. ಆದರೆ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಂಗಳಗಳಲ್ಲಿ ಇನ್ನೂ ಒಂದೊಂದು ಸಿಗುತ್ತದೆ. ಇಂಜಿನ್ ಒಳ್ಳೆಯದಿರುತ್ತದೆ, ಸೀಟಿಗೆ ಹೊಸ ಕವರ್ ಬಿದ್ದಿರುತ್ತದೆ, ಹಿಂದಿನಿಂದ ಮಾತ್ರ ಕಟಕಟ ಶಬ್ದ. ಹೆದ್ದಾರಿ ಬಿಟ್ಟು ಸರ್ವಿಸ್ ರೋಡಿಗೆ ಇಳಿದ ಕೂಡಲೇ ಶುರು. ಕೇಳಿದರೆ "ಶಾಕ್ ಹೋಗಿದೆ" ಅನ್ನುತ್ತಾರೆ. ಹೊಸ ಶಾಕ್ ಅಬ್ಸಾರ್ಬರ್ ಹಾಕಿಸುತ್ತಾರೆ, ಶಬ್ದ ಹಾಗೇ ಇರುತ್ತದೆ. ಆಮೇಲೆ ಯಾರೋ ಬುಶ್ (ಕಬ್ಬಿಣದ ಪಿನ್ನಿನ ಸುತ್ತ ಕೂರುವ ರಬ್ಬರ್ ತುಂಡು) ಅಂತಾರೆ, ಅದನ್ನೂ ಹಾಕಿಸುತ್ತಾರೆ, ಒಂದು ಮಳೆಗಾಲ ಕಳೆಯುವುದರೊಳಗೆ ಅದೂ ಹರಿದುಹೋಗುತ್ತದೆ. "ಈಗಿನ ರಬ್ಬರೇ ಸರಿ ಇಲ್ಲ ಮಾರಾಯ್ರೆ" ಅಂತ ಅಂಗಡಿಯವನಿಗೆ ಬೈಗುಳ.

ಎಷ್ಟೋ ಸಲ ಅದು ರಬ್ಬರಿನ ತಪ್ಪಲ್ಲ. ಗಾಡಿ ಜಾಕಿನ ಮೇಲೆ ಇರುವಾಗಲೇ ಬುಶ್ಶಿನ ಪಿನ್ನಿನ ನಟ್ ಪೂರ್ತಿ ಬಿಗಿ ಮಾಡಿರುತ್ತಾರೆ, ಅದರ ತಪ್ಪು. ಉಳಿದ ಹಂತಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಆ ನಟ್ಟಿನ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಮೊದಲು, ಹೋದದ್ದು ಬುಶ್ಶೇ ಹೌದಾ ಅಂತ ನೋಡಿ. ಹಿಂದಿನ ಚಕ್ರದ ಹಿಂಬದಿಯಲ್ಲಿ ಟಾರ್ಚ್ ಹಿಡಿದು ಮಲಗಿದರೆ ಲೀಫ್ ಸ್ಪ್ರಿಂಗಿನ (ಉದ್ದದ ಉಕ್ಕಿನ ಪಟ್ಟಿಗಳನ್ನು ಪೇರಿಸಿದ ಸ್ಪ್ರಿಂಗ್) ಹಿಂದಿನ ತುದಿ ಕಾಣುತ್ತದೆ. ಆ ತುದಿ ಸುರುಳಿ ಸುತ್ತಿ ತೂತಾಗಿದೆ. ಆ ತೂತಿನಿಂದ ಬಾಡಿಯ ಬ್ರಾಕೆಟ್ಟಿಗೆ ಎರಡು ಪಟ್ಟಿ ಹೋಗಿರುತ್ತವೆ, ಅದೇ ಶ್ಯಾಕಲ್. ಮೇಲೊಂದು ಪಿನ್, ಕೆಳಗೊಂದು ಪಿನ್. ಒಂದೊಂದು ಪಿನ್ನಿಗೂ ಎರಡು ಕಡೆಯಿಂದ ತೂರಿಸಿದ ಅರ್ಧರ್ಧ ರಬ್ಬರ್ ಬುಶ್. ಒಳ್ಳೆಯ ಬುಶ್ಶಿನಲ್ಲಿ ಪಿನ್ ತೂತಿನ ಸರಿ ನಡುವೆ ಕೂತಿರುತ್ತದೆ. ಹೋದದ್ದರಲ್ಲಿ ಪಿನ್ ಒಂದು ಬದಿಗೆ ವಾಲಿರುತ್ತದೆ, ರಬ್ಬರ್ ಹೊರಗೆ ಉಬ್ಬಿ ಅಂಚಿನಲ್ಲಿ ಬಿರುಕು ಬಿಟ್ಟಿರುತ್ತದೆ, ಕೆಲವು ಸಲ ಕಬ್ಬಿಣಕ್ಕೆ ಕಬ್ಬಿಣ ತಾಗಿ ಪಟ್ಟಿಯ ಒಳಮೈ ಹೊಳೆಯುತ್ತಿರುತ್ತದೆ. ಹೊಳಪು ಕಂಡರೆ ಬೇರೆ ಪರೀಕ್ಷೆಯೇ ಬೇಡ.

ರಬ್ಬರ್ ಯಾಕೆ ಹಾಳಾಗುತ್ತದೆ? ವಯಸ್ಸು, ಬಿಸಿಲು, ಗಾಳಿಯಲ್ಲಿರುವ ಓಝೋನ್ ಎಲ್ಲ ಸೇರಿ ನಿಧಾನಕ್ಕೆ ತಿನ್ನುತ್ತವೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣ ಇದೆ, ಅದನ್ನು ನಾವೇ ದುಡ್ಡು ಕೊಟ್ಟು ಮಾಡಿಸುವುದು. ಮಳೆಗಾಲಕ್ಕೆ ಮೊದಲು ಗಾಡಿಯ ಅಡಿಗೆ ಕರಿ ಆಯಿಲ್ ಹೊಡೆಸುತ್ತೇವಲ್ಲ, ತುಕ್ಕು ಹಿಡಿಯಬಾರದು ಅಂತ. ತಗಡಿಗೆ ಅದು ಒಳ್ಳೆಯದೇ ಇರಬಹುದು. ರಬ್ಬರಿಗೆ ವಿಷ. ರಬ್ಬರ್ ತೋಟ ಇದ್ದವರಿಗೆ ಗೊತ್ತಿರುತ್ತದೆ, ಶೀಟಿಗೆ ಸೀಮೆಎಣ್ಣೆ, ಡೀಸೆಲ್ ತಾಗಿದರೆ ಏನಾಗುತ್ತದೆ ಅಂತ. ಉಬ್ಬುತ್ತದೆ, ಮೆತ್ತಗಾಗುತ್ತದೆ. ಬುಶ್ ಕೂಡ ಅದೇ ಜಾತಿ. ಹೊಡೆಸಲೇಬೇಕು ಅಂತಿದ್ದರೆ ಶ್ಯಾಕಲ್‌ಗಳಿಗೆ ಪ್ಲಾಸ್ಟಿಕ್ ಸುತ್ತಿ ಹೊಡೆಸಿ.

ಬುಶ್ ತರುವಾಗ ಹಳೆಯದರ ಸ್ಯಾಂಪಲ್ ತೆಗೆದುಕೊಂಡು ಹೋಗಿ, ಸಾಧ್ಯವಾದರೆ ಪಿನ್ನೂ ಇರಲಿ. ಮಂಗಳೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿಸಬೇಕಾದೀತು. ಉಗುರಿನಿಂದ ಒತ್ತಿ ನೋಡಿ. ಒಳ್ಳೆಯ ರಬ್ಬರಿನಲ್ಲಿ ಗುರುತು ಬಿದ್ದು ಕೂಡಲೇ ಮಾಯವಾಗುತ್ತದೆ. ಗುರುತು ಹಾಗೇ ಉಳಿದರೆ ಅಥವಾ ಅಂಚು ಪುಡಿಪುಡಿಯಾಗಿ ಉದುರಿದರೆ ಅದು ಹಳೆ ಟಯರ್ ಅರೆದು ಮಾಡಿದ ಮಾಲು, ಬಿಟ್ಟುಬಿಡಿ. ಹೊಳೆಯುವ ಪ್ಯಾಕೆಟ್ ನೋಡಿ ನಂಬಬೇಡಿ, ಪ್ಯಾಕೆಟ್ಟಿನೊಳಗೂ ರಬ್ಬರಿಗೆ ವಯಸ್ಸಾಗುತ್ತದೆ. ರಬ್ಬರಿನ ಬದಲು ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಬುಶ್ ಹಾಕಿ, ಜನ್ಮಕ್ಕೆ ಬದಲಿಸಬೇಕಾಗಿಲ್ಲ ಅಂತ ಹೇಳುವವರಿದ್ದಾರೆ. ನನಗೆ ಬೇಡವೇ ಬೇಡ. ಅದು ಗಟ್ಟಿ, ರಸ್ತೆಯ ಪೆಟ್ಟನ್ನೆಲ್ಲ ನೇರ ಬಾಡಿಗೆ ಕೊಡುತ್ತದೆ. ಅಂಬಾಸಿಡರ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹಳೆಯ ತಗಡಿನ ಬ್ರಾಕೆಟ್ಟು ಅಷ್ಟನ್ನು ತಡೆಯಬೇಕಲ್ವಾ? ಸೈಕಲ್ ಟ್ಯೂಬ್ ಕತ್ತರಿಸಿ ಪಿನ್ನಿಗೆ ಸುತ್ತುವ ಉಪಾಯದ ಬಗ್ಗೆ ಮಾತೇ ಬೇಡ, ಮನೆಯಿಂದ ಗ್ಯಾರೇಜಿಗೆ ಹೋಗಿ ಮುಟ್ಟಲು ಆದೀತು, ಅಷ್ಟೇ.

ಸ್ಪ್ಯಾನರ್ ಇಂಚಿನದ್ದೇ ಬೇಕು. ಇದು ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನ ಸಂತಾನ, ಅಡಿಭಾಗದ ನಟ್ಟುಗಳೂ ಇಂಚಿನ ಲೆಕ್ಕದವೇ. ಮಿಲಿಮೀಟರ್ ಸ್ಪ್ಯಾನರ್ ಹಾಕಿ "ಸುಮಾರಿಗೆ ಕೂರುತ್ತದೆ" ಅಂತ ತಿರುಗಿಸಿದರೆ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ, ಆಮೇಲೆ ಉಳಿ ಹಿಡಿಯಬೇಕು. ಹಿಂದಿನ ದಿನ ಸಂಜೆಯೇ ಎಲ್ಲ ನಟ್ಟಿಗೂ ತುಕ್ಕು ಬಿಡಿಸುವ ಆಯಿಲ್ ಬಿಟ್ಟಿಡಿ. ಸಮುದ್ರದ ಗಾಳಿ ಬೀಸುವ ಕಡೆಯ ಗಾಡಿಯಾದರೆ ಬೆಳಿಗ್ಗೆ ಇನ್ನೊಮ್ಮೆ. ಹಳೆ ರಬ್ಬರ್ ಹೇಗೂ ಬಿಸಾಡುವುದು, ಅದಕ್ಕೆ ತಾಗಿದರೂ ಚಿಂತೆ ಇಲ್ಲ.

ಇನ್ನು ಎತ್ತುವುದು. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ತಡೆ ಕೊಡಿ. ಹ್ಯಾಂಡ್‌ಬ್ರೇಕ್ ಇದೆಯಲ್ಲ ಅನ್ನಬೇಡಿ, ಅದು ಹಿಡಿಯುವುದು ಹಿಂದಿನ ಚಕ್ರವನ್ನು, ಗೇರ್ ಹಿಡಿಯುವುದೂ ಹಿಂದಿನದ್ದನ್ನೇ. ಹಿಂದಿನದ್ದು ಗಾಳಿಯಲ್ಲಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಬಾಡಿಯ ಅಡಿಗೆ, ಲೀಫಿನ ಮುಂದಿನ ತುದಿಗಿಂತ ಸ್ವಲ್ಪ ಮುಂದೆ, ಗಟ್ಟಿ ಜಾಗ ನೋಡಿ ಎರಡು ಕಡೆಯೂ ಕಬ್ಬಿಣದ ಸ್ಟ್ಯಾಂಡ್ ಕೊಡಿ. ಮುರಕಲ್ಲು ಮಾತ್ರ ಬೇಡ. ಕಾಸರಗೋಡಿನಲ್ಲಿ ಯಾವ ಅಂಗಳದಲ್ಲೂ ನಾಲ್ಕು ಕೆಂಪು ಕಲ್ಲು ಬಿದ್ದಿರುತ್ತವೆ, ಅದನ್ನೇ ಪೇರಿಸಿ ಗಾಡಿ ಕೂರಿಸುವವರನ್ನು ನೋಡಿದ್ದೇನೆ, ನೋಡುವಾಗಲೇ ಎದೆ ಝಲ್ಲೆನ್ನುತ್ತದೆ. ಗೋಡೆಯಲ್ಲಿ ಭಾರ ಸಮನಾಗಿ ಹರಡಿರುತ್ತದೆ, ಅದಕ್ಕೆ ಅಲ್ಲಿ ಕಲ್ಲು ನಿಲ್ಲುತ್ತದೆ. ಇಲ್ಲಿ ಒಂದು ಮೂಲೆಗೆ ಕಬ್ಬಿಣದ ಅಂಚು ಒತ್ತಿದರೆ ಹೇಳದೆ ಕೇಳದೆ ಬಾಯಿ ಬಿಡುತ್ತದೆ. ನೀವು ಅದರ ಅಡಿಯಲ್ಲಿ ಮಲಗಿರುತ್ತೀರಿ.

ಚಕ್ರ ಬಿಚ್ಚಿ. ಒಂದು ಬದಿಯ ಬುಶ್ ಹಾಕಿ ಮುಗಿಯುವವರೆಗೆ ಇನ್ನೊಂದು ಬದಿಯನ್ನು ಮುಟ್ಟಬೇಡಿ. ಎರಡೂ ಬಿಚ್ಚಿದರೆ ಆಕ್ಸಲ್ (ಹಿಂದಿನ ಎರಡು ಚಕ್ರಗಳ ನಡುವಿನ ಅಡ್ಡ ದಂಡ) ಹಿಂದೆ ಮುಂದೆ ಜಾರಿ, ಪುನಃ ಹೊಂದಿಸಲು ಮೂರು ಜನ ಬೇಕಾಗುತ್ತದೆ.

ಈಗ ಎರಡನೇ ಜಾಕ್. ಇದನ್ನು ಆಕ್ಸಲ್ ಅಡಿಗೆ, ಲೀಫಿನ ಹತ್ತಿರ ಕೊಡಬೇಕು. ಹೆಚ್ಚಿನವರು ಇದನ್ನು ಬಿಟ್ಟು ನೇರ ಸುತ್ತಿಗೆ ಹಿಡಿಯುತ್ತಾರೆ. ಆಕ್ಸಲ್ ನೇತಾಡುತ್ತಿರುವಾಗ ಅದರ ಭಾರ ಪೂರ್ತಿ ಪಿನ್ನಿನ ಮೇಲೆ ಇರುತ್ತದೆ, ಎಷ್ಟು ಹೊಡೆದರೂ ಅದು ಬರುವುದಿಲ್ಲ, ಬಂದರೂ ಪಿನ್ನಿನ ದಾರ (ನಟ್ ಹಿಡಿಯುವ ತಿರುಪು ಗೆರೆ) ಹಾಳಾಗಿರುತ್ತದೆ. ನಟ್ ಬಿಚ್ಚಿ, ಹೊರಗಿನ ಪಟ್ಟಿ ತೆಗೆಯಿರಿ. ಆಮೇಲೆ ಜಾಕನ್ನು ಒಂದೊಂದು ಕೂದಲೆಳೆಯಷ್ಟೇ ಏರಿಸುತ್ತಾ, ಇನ್ನೊಂದು ಕೈಯಿಂದ ಕೆಳಗಿನ ಪಿನ್ ತಿರುಗಿಸಿ ನೋಡುತ್ತಾ ಇರಿ. ಒಂದು ಜಾಗಕ್ಕೆ ಬಂದಾಗ ಪಿನ್ ಬೆರಳಿಗೇ ಸಡಿಲವಾಗಿ ಅಲ್ಲಾಡುತ್ತದೆ. ಅದಕ್ಕಿಂತ ಏರಿಸಿದರೆ ಪುನಃ ಬಿಗಿ, ಇಳಿಸಿದರೂ ಬಿಗಿ. ಅಲ್ಲೇ ನಿಲ್ಲಿಸಿ ಎಳೆಯಿರಿ. ಜಾಕ್ ಆಡಿಸುವಾಗ ಆಕ್ಸಲ್‌ಗೆ ಹೋಗುವ ಬ್ರೇಕ್ ಹೋಸಿನ ಮೇಲೆ ಒಂದು ಕಣ್ಣಿರಲಿ, ಅದು ಎಳೆದು ನಿಲ್ಲಬಾರದು.

ಹಳೆ ರಬ್ಬರ್ ಪಿನ್ನಿಗೆ ಅಂಟಿಕೊಂಡಿದ್ದರೆ ಚೂರಿಯಿಂದ ಕೊಯ್ದು ತೆಗೆಯಿರಿ. ಗ್ಯಾಸ್ ಕಟ್ಟರ್ ಹಿಡಿದು ಸುಟ್ಟು ತೆಗೆಯುವುದು ಗ್ಯಾರೇಜುಗಳಲ್ಲಿ ಮಾಮೂಲು, ಎರಡು ನಿಮಿಷದ ಕೆಲಸ. ಆದರೆ ಈ ಗಾಡಿಯ ಪೆಟ್ರೋಲ್ ಟ್ಯಾಂಕ್ ಇರುವುದೂ ಅಲ್ಲೇ ಹಿಂದೆ. ಗ್ರೈಂಡರ್ ಕಿಡಿಗೂ ಇದೇ ಮಾತು. ತೂತಿನ ಒಳಗಿನ ತುಕ್ಕನ್ನು ಉಜ್ಜುಕಾಗದದಲ್ಲಿ ಉಜ್ಜಿ ಒರೆಸಿ. ಪಿನ್ನಿನ ಮೇಲೆ ಉಗುರು ಓಡಿಸಿದಾಗ ಸವೆದು ಮೆಟ್ಟಿಲಿನ ಹಾಗೆ ಆದದ್ದು ಸಿಕ್ಕಿದರೆ ಪಿನ್ ಕೂಡ ಹೊಸದೇ ಬೇಕು.

ಹೊಸ ಬುಶ್ ಹಾಕಲು ಸೋಪಿನ ನೀರು ಸಾಕು. ಗ್ರೀಸ್ ಬೇಡ, ಇಂಜಿನ್ ಆಯಿಲ್ ಬೇಡ, ಅಡುಗೆಮನೆಯ ತೆಂಗಿನೆಣ್ಣೆಯೂ ಬೇಡ. ಸೋಪು ಒಣಗಿದ ಮೇಲೆ ರಬ್ಬರ್ ಗಟ್ಟಿ ಹಿಡಿಯುತ್ತದೆ, ಎಣ್ಣೆ ಹಾಕಿದರೆ ಹಿಡಿಯುವುದೂ ಇಲ್ಲ, ಬಾಳುವುದೂ ಇಲ್ಲ. ಎರಡು ಅರ್ಧವನ್ನೂ ಎರಡು ಕಡೆಯಿಂದ ತಳ್ಳಿ, ದಪ್ಪ ಅಂಚು ಹೊರಗೆ ಬರಲಿ. ಪಟ್ಟಿ ಇಟ್ಟು ನೋಡಿದರೆ ನಟ್ಟಿಗೆ ದಾರವೇ ಸಿಗುವುದಿಲ್ಲ, ಬುಶ್ ಅಷ್ಟು ಹೊರಗೆ ನಿಂತಿರುತ್ತದೆ. ಆಗ ಬ್ಲೇಡ್ ತೆಗೆದು ಬುಶ್ಶಿನ ಅಂಚು ಕತ್ತರಿಸುವವರೇ ಜಾಸ್ತಿ. ಸೈಜ್ ಸರಿಯಾಗಿದ್ದರೆ ಕತ್ತರಿಸಬೇಡಿ, ಅದು ಹೊರಗೆ ನಿಲ್ಲಬೇಕಾದ್ದೇ. ಹಾಗೆ ಒತ್ತಿ ಕುಗ್ಗಿದಾಗಲೇ ಅದು ಪಿನ್ನನ್ನೂ ತೂತನ್ನೂ ಹಿಡಿಯುವುದು. ಎರಡು ಪಟ್ಟಿಯ ಮೇಲೆ ಒಂದು ಸಿ-ಕ್ಲ್ಯಾಂಪ್ ಕೂರಿಸಿ ನಿಧಾನಕ್ಕೆ ತಿರುಗಿಸಿ, ದಾರ ಕಂಡ ಕೂಡಲೇ ನಟ್ ಹಿಡಿಸಿ. ಹಳೆ ಸ್ಪ್ರಿಂಗ್ ವಾಷರ್ ಬಿಸಾಡಿ, ಹೊಸದು ಹಾಕಿ. ಕೈಗೆ ಸ್ವಲ್ಪ ಬಿಗಿ ಅನಿಸುವಷ್ಟು ಮಾಡಿ ಅಲ್ಲಿಗೆ ನಿಲ್ಲಿಸಿ.

ಇಲ್ಲಿಂದಲೇ ಎಲ್ಲರೂ ಎಡವುವುದು. ನಟ್ ಕಣ್ಣೆದುರೇ ಇದೆ, ಸ್ಪ್ಯಾನರ್ ಕೈಯಲ್ಲಿದೆ, ಗಾಡಿ ಮೇಲಿದೆ, ಕೆಲಸಕ್ಕೆ ಜಾಗವೂ ಇದೆ, ಈಗಲೇ ಪೂರ್ತಿ ಬಿಗಿ ಮಾಡಿ ಕೈ ತೊಳೆಯೋಣ ಅನಿಸುತ್ತದೆ. ಮಾಡಬೇಡಿ. ರಬ್ಬರ್ ಬುಶ್ ಬೇರಿಂಗ್ ತರ ಪಿನ್ನಿನ ಸುತ್ತ ಜಾರುವುದಿಲ್ಲ. ಒಳಮೈ ಪಿನ್ನಿಗೆ ಕಚ್ಚಿರುತ್ತದೆ, ಹೊರಮೈ ತೂತಿಗೆ ಕಚ್ಚಿರುತ್ತದೆ, ಶ್ಯಾಕಲ್ ಆಡಿದಾಗ ನಡುವಿನ ರಬ್ಬರ್ ಮಾತ್ರ ತಿರುಚಿ ಮತ್ತೆ ಸರಿಯಾಗುತ್ತದೆ. ಆಕ್ಸಲ್ ನೇತಾಡುತ್ತಿರುವಾಗ ಶ್ಯಾಕಲ್ ಒಂದು ಓರೆಯಲ್ಲಿರುತ್ತದೆ. ಚಕ್ರ ನೆಲಕ್ಕೆ ತಾಗಿ ಬಾಡಿ ಕೂತಾಗ ಲೀಫ್ ನೀಳವಾಗಿ ಶ್ಯಾಕಲ್ ಹಿಂದಕ್ಕೆ ಹೋಗುತ್ತದೆ. ಮೇಲಿರುವಾಗಲೇ ಬಿಗಿ ಮಾಡಿದ್ದರೆ, ಗಾಡಿ ಸುಮ್ನೆ ಶೆಡ್ಡಿನಲ್ಲಿ ನಿಂತಿದ್ದರೂ ರಬ್ಬರ್ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತದೆ. ಅದರ ಮೇಲೆ ಗುಂಡಿಗೆ ಇಳಿದಾಗ ಇನ್ನಷ್ಟು ತಿರುಚಬೇಕು. ಎಷ್ಟು ದಿನ ತಡೆದೀತು? ಒಂದು ಬದಿ ಹೀಗೆ, ಇನ್ನೊಂದು ಬದಿ ಹಾಗೆ ಬಿಗಿ ಮಾಡಿದ್ದರೆ ಹಿಂಭಾಗ ಸ್ವಲ್ಪ ಓರೆಯಾಗಿಯೂ ನಿಲ್ಲುತ್ತದೆ, ಆಗ ಲೀಫ್ ಕೂತಿದೆ ಅಂತ ಇನ್ನೊಂದು ಖರ್ಚು.

ಎರಡೂ ಬದಿಯ ಬುಶ್ ಹಾಕಿಯಾದ ಮೇಲೆ ಹೀಗೆ ಮಾಡಿ. ಬಾಡಿಯ ಅಡಿಯ ಸ್ಟ್ಯಾಂಡ್ ತೆಗೆದು, ಅದೇ ಸ್ಟ್ಯಾಂಡುಗಳನ್ನು ಆಕ್ಸಲ್ ಅಡಿಗೆ, ಲೀಫಿಗೆ ಆದಷ್ಟು ಹತ್ತಿರ ಕೊಡಿ. ಈಗ ಚಕ್ರ ಇಲ್ಲದಿದ್ದರೂ ಹಿಂಭಾಗದ ಭಾರ ಲೀಫಿನ ಮೇಲೆಯೇ ಇದೆ, ಕೈ ಹಾಕಲು ಜಾಗವೂ ಇದೆ. ಸ್ಟೆಪ್ನಿ, ಟೂಲ್ಸ್, ಡಿಕ್ಕಿಯಲ್ಲಿ ಯಾವಾಗಲೂ ಇರುವ ಸಾಮಾನು ಎಲ್ಲ ವಾಪಸ್ ಇಡಿ. ಗಾಡಿ ಅಡಿಕೆ ಚೀಲ ಹೊರುವುದಕ್ಕೇ ಇರುವುದಾದರೆ ಒಂದು ಚೀಲವನ್ನೂ ಇಡಿ, ನಾಚಿಕೆ ಪಡಬೇಕಾಗಿಲ್ಲ. ಸ್ಟ್ಯಾಂಡ್ ಅಲ್ಲಾಡುವುದಿಲ್ಲ ಅಂತ ನೋಡಿಕೊಂಡು ಡಿಕ್ಕಿಯ ಅಂಚನ್ನು ಎರಡು ಕೈಯಿಂದ ಮೆಲ್ಲಗೆ ಒತ್ತಿ ಬಿಡಿ, ನಾಲ್ಕೈದು ಸಲ. ಸಡಿಲ ಇರುವ ಬುಶ್ಶಿನಲ್ಲಿ ಪಿನ್ ತಾನಾಗಿಯೇ ತನ್ನ ಜಾಗಕ್ಕೆ ತಿರುಗುತ್ತದೆ. ಸೀಮೆಸುಣ್ಣದಿಂದ ಶ್ಯಾಕಲ್ ಪಟ್ಟಿಯಿಂದ ಬ್ರಾಕೆಟ್ಟಿಗೆ ಒಂದು ಗೆರೆ ಎಳೆದಿಡಿ. ಬಿಗಿ ಮಾಡುವಾಗ ಗೆರೆ ತುಂಡಾದರೆ ಶ್ಯಾಕಲ್ ಸ್ಪ್ಯಾನರ್ ಜೊತೆ ತಿರುಗುತ್ತಿದೆ ಅಂತ ಅರ್ಥ, ಬಿಟ್ಟು ಪುನಃ ಶುರು ಮಾಡಿ. ಮೇಲಿನ ನಟ್ ಸ್ವಲ್ಪ, ಕೆಳಗಿನದ್ದು ಸ್ವಲ್ಪ, ಹೀಗೆ ಒಂದಾದ ಮೇಲೊಂದು ತಿರುಗಿಸಿ. ಪಿನ್ನಿಗೆ ಹೆಗಲು (ಪಟ್ಟಿ ತಾಗಿ ನಿಲ್ಲುವ ದಪ್ಪ ಭಾಗ) ಇದ್ದರೆ ಪಟ್ಟಿ ಹೆಗಲಿಗೆ ತಾಗಿ ನಿಲ್ಲುವವರೆಗೆ. ಹೆಗಲಿಲ್ಲದಿದ್ದರೆ ಬುಶ್ಶಿನ ಅಂಚು ಸುತ್ತಲೂ ಒಂದೇ ಸಮ ತುಸು ಉಬ್ಬುವವರೆಗೆ. ಜಾಸ್ತಿ ಉಬ್ಬಿ ಪಟ್ಟಿಯಾಚೆ ಬಂದರೆ ಮಿತಿ ಮೀರಿತು. ಲೀಫಿನ ಮುಂದಿನ ತುದಿಯ ಬುಶ್ ಬದಲಿಸಿದ್ದರೆ ಅದರ ಬೋಲ್ಟೂ ಇದೇ ಹೊತ್ತಿನಲ್ಲಿ ಬಿಗಿಯಾಗಬೇಕು, ಮೊದಲೇ ಅಲ್ಲ.

ಗ್ಯಾರೇಜಿನಲ್ಲಿ ಮಾಡಿಸುವವರು ಅಲ್ಲೇ ನಿಂತು ಇದೊಂದನ್ನು ನೋಡಿ. "ಅಣ್ಣ, ಕೊನೆಯ ಬಿಗಿ ಗಾಡಿ ಇಳಿಸಿದ ಮೇಲೆ ಮಾಡಿ" ಅಂದರೆ ಸಾಕು. ಗೊತ್ತಿದ್ದವರು ಬೇಜಾರು ಮಾಡಿಕೊಳ್ಳುವುದಿಲ್ಲ. "ಹೇಗೆ ಮಾಡಿದರೂ ಒಂದೇ" ಅಂದರೆ ಬೇರೆ ಗ್ಯಾರೇಜ್ ನೋಡಿ.

ಚಕ್ರ ಹಾಕಿ, ಕೆಳಗಿಳಿಸಿ, ಹಾಳಾದ ರಸ್ತೆಯಲ್ಲೇ ಒಂದು ಸುತ್ತು ಓಡಿಸಿ. ಕೆಲವು ದಿನ ಓಡಿದ ಮೇಲೆ ಎಲ್ಲ ನಟ್ಟಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಬೇಕು, ಹೊಸ ರಬ್ಬರ್ ಸ್ವಲ್ಪ ಕೂರುತ್ತದೆ, ಅದೂ ಗಾಡಿ ನೆಲದ ಮೇಲಿರುವಾಗಲೇ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಇದೆಯಲ್ಲ, ಈ ಕೆಲಸವನ್ನು ತಪಾಸಣೆಯ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ತುಕ್ಕು ಹಿಡಿದ ಒಂದು ಪಿನ್ ಇಡೀ ದಿನ ತಿನ್ನಬಹುದು.

ಇಷ್ಟು ಮಾಡಿದ ಧೈರ್ಯದಲ್ಲಿ ಗಾಡಿಯ ಮುಂಭಾಗದ ಬುಶ್ಶಿಗೂ ಕೈ ಹಾಕಬೇಡಿ. ಅಂಬಾಸಿಡರ್‌ನ ಮುಂಭಾಗ ನಿಂತಿರುವುದು ಟಾರ್ಷನ್ ಬಾರ್ ಮೇಲೆ, ಉದ್ದಕ್ಕೆ ತಿರುಚಿ ಇಟ್ಟ ಉಕ್ಕಿನ ಸರಳು ಅದು. ಅದರ ಬಿಗಿ ಇಳಿಸದೆ ಕೆಳಗಿನ ಆರ್ಮ್ (ಚಕ್ರವನ್ನು ಹಿಡಿದಿರುವ ತೋಳು) ಬಿಚ್ಚಿದರೆ ಕೈ ಮುರಿಯುವಷ್ಟು ಜೋರಾಗಿ ಬಡಿಯುತ್ತದೆ. ಅದನ್ನು ಮಾಡಿ ಗೊತ್ತಿರುವವರ ಹತ್ತಿರವೇ ಮಾಡಿಸಿ. ಕೊನೆಯ ಬಿಗಿಯ ಮಾತನ್ನು ಅಲ್ಲಿಯೂ ಹೇಳಿ.